ಅಮ್ಮನ ಸರಿಗೆಯಲ್ಲಿ ಚುಚ್ಚಿಟ್ಟ ಕಾಗದಗಳು

ಜರ್ಮನಿಯಲ್ಲಿ ನಮ್ಮ ಮನೆಗೆ ಬರುವಷ್ಟು ಕಾಗದ ನನ್ನ ಜೀವಮಾನದಲ್ಲಿ ಎಲ್ಲೂ ಬಂದಿರಲಿಲ್ಲ. ಬ್ಯಾಂಕಿನಿಂದ ಕಾಗದ, ವಿಮೆಯವರಿಂದ ಕಾಗದ, ಮಗನ ಶಾಲೆಯಿಂದ ಕಾಗದ, ಮನೆ ಮಾಲೀಕರಿಂದ ಕಾಗದ. ಬ್ಯಾಂಕ್ ಕಾರ್ಡು ಒಂದು ದಿನ ಬಂದರೆ ಅದರ ಪಿನ್ ನಂಬರು ಇನ್ನೊಂದು ದಿನ ಬೇರೆ ಲಕೋಟೆಯಲ್ಲಿ. ತೆರಿಗೆಯ 11 ಅಂಕಿಯ ನಂಬರು ಕೂಡ ಅಂಚೆಯಲ್ಲೇ. ಎಲ್ಲವೂ ಜರ್ಮನ್ ಭಾಷೆಯಲ್ಲಿ, ಒಂದೊಂದು ಶಬ್ದ ಅರ್ಧ ಗೆರೆ ಉದ್ದ. ಮೊದಮೊದಲು ನಾನು ಅವನ್ನು ಫ್ರಿಜ್ಜಿನ ಮೇಲೆ ಒಂದು ಬಿಸ್ಕತ್ತಿನ ಡಬ್ಬದಲ್ಲಿ ತುಂಬಿಸಿ ಇಡುತ್ತಿದ್ದೆ. ಭಾನುವಾರ ಕೂತು ನೋಡುವ ಅಂತ. ಭಾನುವಾರ ಬಂದರೆ ಆ ಡಬ್ಬ ತೆಗೆಯಲು ಕೈಯೇ ಏಳುತ್ತಿರಲಿಲ್ಲ.

ಇದನ್ನು ಬರೆಯುತ್ತಿರುವುದು ಊರಿನಿಂದ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ ನಮ್ಮ ಮನೆ. ಮಗನಿಗೆ ಶಾಲೆಗೆ ಬೇಸಿಗೆ ರಜೆ, ಅಲ್ಲಿಯ ಬೇಸಿಗೆ ರಜೆ ಅಂದರೆ ಇಲ್ಲಿ ಆಟಿಯ ಮಳೆ. ಅಡಿಕೆ ತೋಟಕ್ಕೆ ಎರಡನೇ ಸಲ ಬೋರ್ಡೋ ಮದ್ದು ಬಿಡಲು ಎರಡು ದಿನ ಬಿಸಿಲು ಬೇಕು, ಅದು ಸಿಗದೆ ಚಿಕ್ಕಪ್ಪ ಅಂಗಳಕ್ಕೆ ಬಂದು ಆಕಾಶ ನೋಡಿ ಹೋಗುತ್ತಾರೆ. ಕರೆಂಟು ಬೆಳಿಗ್ಗೆಯೇ ಹೋಗಿದೆ. ಲ್ಯಾಪ್‌ಟಾಪಿನಲ್ಲಿ ಚಾರ್ಜ್ ಇರುವಷ್ಟು ಹೊತ್ತು ಬರೆಯುತ್ತೇನೆ.

ನಾವು ಹೋದದ್ದು ಕಳೆದ ವರ್ಷ ಜನವರಿಯಲ್ಲಿ. ಗಂಡನಿಗೆ ಸ್ಟುಟ್‌ಗಾರ್ಟ್ ಹತ್ತಿರ ಕೆಲಸ. ಬಾಡಿಗೆ ಮನೆ ಅಂತ ಒಳಗೆ ಹೋದರೆ ಅಡುಗೆ ಕೋಣೆಯಲ್ಲಿ ಒಲೆಯೂ ಇಲ್ಲ, ಸಿಂಕೂ ಇಲ್ಲ, ಬರೀ ಗೋಡೆ ಮತ್ತು ಎರಡು ಪೈಪು. ಅಲ್ಲಿ ಎಷ್ಟೋ ಮನೆ ಹಾಗೆಯೇ, ಅಡುಗೆ ಕೋಣೆಯನ್ನು ಬಾಡಿಗೆಯವರೇ ಜೋಡಿಸಿಕೊಳ್ಳಬೇಕು. ಮಾಡಿನಿಂದ ವಯರು ನೇತಾಡುತ್ತಿತ್ತು, ಬಲ್ಬು ಇರಲಿಲ್ಲ. ಇಂಡಕ್ಷನ್ ಒಲೆಯೊಂದನ್ನು ನೆಲದ ಮೇಲಿಟ್ಟು, ಪಾತ್ರೆಗಳನ್ನು ಬಚ್ಚಲಲ್ಲಿ ತೊಳೆದು ಐದು ವಾರ ಕಳೆದೆವು. ಹೊಸ ಮನೆಗೆ ಬಂದ ಎರಡು ವಾರದೊಳಗೆ ಪುರಸಭೆಯ ಕಚೇರಿಗೆ ಹೋಗಿ ವಿಳಾಸ ದಾಖಲಿಸಬೇಕು, ಅದಕ್ಕೆ ಮನೆ ಮಾಲೀಕರ ಸಹಿ ಹಾಕಿದ ಕಾಗದ ಬೇಕು. ಆ ದಾಖಲೆ ಆಗದಿದ್ದರೆ ಮುಂದಿನ ಕೆಲಸ ಒಂದೂ ನಡೆಯುವುದಿಲ್ಲ.

ಇದೆಲ್ಲ ಸಹಿಸಬಹುದು. ಕಸವನ್ನು ನಾಲ್ಕು ಬಣ್ಣದ ಡಬ್ಬಗಳಿಗೆ ಬೇರೆ ಬೇರೆ ಮಾಡಿ ಹಾಕುವುದನ್ನು ಕಲಿತೆ. ಭಾನುವಾರ ಅಂಗಡಿ ಮುಚ್ಚಿರುತ್ತದೆ ಅಂತ ಶನಿವಾರವೇ ಹಾಲು ತಂದಿಡುವುದನ್ನು ಕಲಿತೆ. ಸ್ಟುಟ್‌ಗಾರ್ಟಿನ ಕಡೆ ಕೇರ್‌ವೋಖೆ ಅಂತ ಒಂದು ಪದ್ಧತಿ ಉಂಟು. ಒಂದೊಂದು ವಾರ ಒಂದೊಂದು ಮನೆಯವರು ಮೆಟ್ಟಿಲು, ಕೆಳಗಿನ ಓಣಿ ಗುಡಿಸಿ ಒರೆಸಬೇಕು. ನಮ್ಮ ಸರದಿ ಬಂದಾಗ ಬಾಗಿಲಿಗೆ ಒಂದು ಹಲಗೆ ನೇತು ಹಾಕಿರುತ್ತಾರೆ. ಅದೆಂತ ಹಲಗೆ ಅಂತ ಗೊತ್ತಾಗದೆ ಮೊದಲ ಸಲ ನಾನು ಅದನ್ನು ತೆಗೆದು ಒಳಗಿಟ್ಟೆ. ಮೂರು ದಿನ ಪಕ್ಕದ ಮನೆಯ ಅಜ್ಜಿ ನನ್ನ ಜೊತೆ ಮಾತಾಡಲಿಲ್ಲ. ಯಾಕೆ ಅಂತ ತಿಳಿದ ಮೇಲೆ ಬೇಜಾರಾಯಿತು. ಅಂಗಳ ಗುಡಿಸುವುದನ್ನು ನನಗೆ ಯಾರಾದರೂ ಹೇಳಿಕೊಡಬೇಕಾ? ಅದನ್ನು ಆ ಅಜ್ಜಿಗೆ ಹೇಳಲು ನನ್ನ ಹತ್ತಿರ ಮಾತು ಇರಲಿಲ್ಲ, ಅಷ್ಟೇ.

ಅಮ್ಮನಿಗೆ ಫೋನು ಮಾಡುವುದೂ ಒಂದು ಲೆಕ್ಕ. ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ವ್ಯತ್ಯಾಸ, ಮಾರ್ಚ್ ಕೊನೆಯ ಭಾನುವಾರ ಅವರು ಗಡಿಯಾರ ತಿರುಗಿಸಿದ ಮೇಲೆ ಮೂರೂವರೆ. ಅಮ್ಮ ಒಂಬತ್ತಕ್ಕೆ ಮಲಗುತ್ತಾಳೆ, ಚಳಿಗಾಲದಲ್ಲಿ ನಮಗೆ ಆಗ ಸಂಜೆ ನಾಲ್ಕೂವರೆ, ಹೊರಗೆ ಆಗಲೇ ಕತ್ತಲೆ. ನಾನು ಮಗನನ್ನು ಕರೆದುಕೊಂಡು ಮನೆಗೆ ಬಂದು ಬೂಟು, ಜಾಕೆಟ್ಟು, ಟೊಪ್ಪಿ ಎಲ್ಲ ಬಿಚ್ಚಿಸಿ ಫೋನು ಹಿಡಿಯುವಾಗ ಅವಳಿಗೆ ಆಕಳಿಕೆ ಬರುತ್ತಿರುತ್ತದೆ. "ಊಟ ಆಯ್ತಾ?" ಅಂತ ಕೇಳುತ್ತಾಳೆ. ನಾನು ಆಯ್ತು ಅನ್ನುತ್ತೇನೆ. ಬಿಸ್ಕತ್ತಿನ ಡಬ್ಬದ ವಿಷಯ ಹೇಳುವುದಿಲ್ಲ.

ಆ ಡಬ್ಬದಿಂದಲೇ ಒಂದು ದಿನ ಪೆಟ್ಟು ಬಿತ್ತು. ಜರ್ಮನಿಯಲ್ಲಿ ಪ್ರತಿ ಮನೆಯೂ ರೇಡಿಯೊ-ಟಿವಿಗೆ ಅಂತ ತಿಂಗಳಿಗೆ 18.36 ಯೂರೋ ಕಟ್ಟಬೇಕು. ಮನೆಯಲ್ಲಿ ಟಿವಿ ಇದೆಯಾ ಇಲ್ಲವಾ ಅನ್ನುವುದು ಲೆಕ್ಕಕ್ಕಿಲ್ಲ. ನಮ್ಮಲ್ಲಿ ಟಿವಿ ಇಲ್ಲದ ಕಾರಣ ಆ ಕಾಗದಗಳೆಲ್ಲ ಜಾಹೀರಾತು ಅಂತ ತಿಳಿದು ನಾನು ಡಬ್ಬಕ್ಕೆ ಹಾಕಿದ್ದೆ. ಮೂರು ತಿಂಗಳಿಗೆ 55.08 ಯೂರೋ, ಎರಡು ಸಲದ್ದು ಬಾಕಿ, ತಡವಾದದ್ದಕ್ಕೆ ಮತ್ತೆ 8 ಯೂರೋ. ಹಣ ಕಟ್ಟಿದೆವು, ಅದು ದೊಡ್ಡ ಮಾತಲ್ಲ. ಆದರೆ ಗಂಡ "ಕಾಗದ ಬಂದಾಗಲೇ ನೋಡ್ಬಾರ್ದಾ" ಅಂದಾಗ ನನಗೆ ಅಳುವೇ ಬಂತು. ನಾನು ಎಂ.ಎ. ಓದಿದವಳು. ಇಲ್ಲಿ ಏಳು ವರ್ಷ ಮಕ್ಕಳಿಗೆ ಪಾಠ ಮಾಡಿದವಳು. ಮನೆಗೆ ಬಂದ ಒಂದು ಕಾಗದ ಓದಲು ಆಗಲಿಲ್ಲ ಅಂದರೆ ಅದು ಎಂಥ ಅವಸ್ಥೆ ಅನ್ನುವುದು ಅದನ್ನು ಅನುಭವಿಸಿದವರಿಗೇ ಗೊತ್ತು.

ಆಮೇಲೆ ಭಾಷೆಯ ತರಗತಿಗೆ ಸೇರಿದೆ. ವಾರಕ್ಕೆ ನಾಲ್ಕು ದಿನ, ಬೆಳಿಗ್ಗೆ. ನನ್ನ ಪಕ್ಕ ಸಿರಿಯಾದ ಒಬ್ಬರು, ಉಕ್ರೇನಿನ ಒಬ್ಬರು. ತರಗತಿಯಲ್ಲಿ ಪುಸ್ತಕದ ಜರ್ಮನ್ ಕಲಿಸುತ್ತಾರೆ, ಬೇಕರಿಯಲ್ಲಿ ಆಡುವುದು ಆ ಊರಿನ ಜರ್ಮನ್, ಸ್ವಾಬಿಶ್. ಪಠ್ಯಪುಸ್ತಕದ ಕನ್ನಡ ಮಾತ್ರ ಕಲಿತವರು ನಮ್ಮ ಮನೆಗೆ ಬಂದು ಹವ್ಯಕ ಮಾತು ಕೇಳಿದರೆ ಹೇಗೋ ಹಾಗೆ. ಒಂದು ಶನಿವಾರ ಮಗನನ್ನು ಕರೆದುಕೊಂಡು ಬೇಕರಿಗೆ ಹೋಗಿದ್ದೆ. ಹೋಗುವ ದಾರಿಯುದ್ದಕ್ಕೂ ವಾಕ್ಯ ಹೊಂದಿಸಿಕೊಂಡಿದ್ದೆ. ಸರಿಯಾಗಿಯೇ ಹೇಳಿದೆ. ಆದರೆ ಬೇಕರಿಯವಳು ತಿರುಗಿ ಏನೋ ಕೇಳಿದಳು, ಬ್ರೆಡ್ ತುಂಡು ಮಾಡಿ ಕೊಡಬೇಕಾ ಅಂತ ಇರಬೇಕು, ನನಗೆ ಗೊತ್ತಾಗಲಿಲ್ಲ, ಹಿಂದೆ ಸಾಲು ಉದ್ದ ಇತ್ತು, ನಾನು ಸುಮ್ನೆ ಯಾ ಯಾ ಅಂದೆ. ಅವಳು ಮತ್ತೆ ಕೇಳಿದಳು. ಆಗ ನನ್ನ ಏಳು ವರ್ಷದ ಮಗ ನನ್ನ ಜಾಕೆಟ್ ಎಳೆದು, "ಅಮ್ಮ, ನೀನು ಮಾತಾಡ್ಬೇಡ. ನಾನು ಹೇಳ್ತೇನೆ" ಅಂದ. ಅವನು ಹೇಳಿದ. ಅವಳು ನಕ್ಕು ಅವನಿಗೊಂದು ಸಣ್ಣ ಬಿಸ್ಕತ್ತು ಕೊಟ್ಟಳು.

ದಾರಿಯಲ್ಲಿ ಅವನು ಬಿಸ್ಕತ್ತು ತಿನ್ನುತ್ತಾ ಮುಂದೆ ಹೋಗುತ್ತಿದ್ದ. ನನಗೆ ಕಾಲು ಮುಂದೆ ಹೋಗಲಿಲ್ಲ. ಯಾಕೆಂದರೆ ಆ ಮಾತು ನಾನು ಮೊದಲೂ ಕೇಳಿದ್ದೆ. ಅಲ್ಲ, ಹೇಳಿದ್ದೆ.

ನಾನು ಆರನೇ ಕ್ಲಾಸಿನಲ್ಲಿದ್ದಾಗ ಅಮ್ಮನ ಜೊತೆ ಕಾಸರಗೋಡು ಪೇಟೆಗೆ, ಒಂದು ಬ್ಯಾಂಕಿಗೆ ಹೋಗಿದ್ದೆ. ಅಪ್ಪನಿಗೆ ಜ್ವರ. ಅಮ್ಮನಿಗೆ ಮನೆಯಲ್ಲಿ ಹವ್ಯಕ, ತೋಟದ ಕೆಲಸದವರ ಜೊತೆ ತುಳು. ಮಲಯಾಳಂ ಅಂದರೆ ಮೀನು ಹೊತ್ತು ಆಚೆ ಮನೆಗಳಿಗೆ ಹೋಗುವವರು, ಬಟ್ಟೆ ಮಾರಲು ಬರುವವರು ಆಡಿದ್ದನ್ನು ಕೇಳಿ ಕಲಿತದ್ದು. ಕೌಂಟರಿನಲ್ಲಿ ಅವಳು ಮಲಯಾಳಂ ಶುರು ಮಾಡಿ, ನಡುವೆ ತುಳು ಸೇರಿಸಿ, ಕೊನೆಗೆ ಕನ್ನಡಕ್ಕೆ ಬಂದಳು. ಆಚೆ ಕೂತವರಿಗೆ ಕನ್ನಡ ಬರುತ್ತಿರಲಿಲ್ಲ. ಅವರು ಎರಡು ಸಲ "ಎಂದಾ?", ಅಂದರೆ ಏನು, ಅಂತ ಕೇಳಿದರು, ಮೂರನೇ ಸಲ ಕಾಗದವನ್ನು ಹಿಂದಕ್ಕೆ ತಳ್ಳಿದರು. ನನಗೆ ಆಟದಲ್ಲಿ ಜೊತೆಗಿದ್ದ ಮಕ್ಕಳಿಂದ ಕಲಿತ ಮಲಯಾಳಂ ಚೆನ್ನಾಗಿ ಬರುತ್ತಿತ್ತು. ನಾನು ಅಮ್ಮನ ಕೈಯನ್ನು ಮೆಲ್ಲಗೆ ದೂಡಿ, "ಅಮ್ಮ, ನೀನು ಸುಮ್ನಿರು. ನಾನು ಹೇಳ್ತೇನೆ" ಅಂದೆ. ಕೆಲಸ ಆಯಿತು. ಬಸ್ಸಿನಲ್ಲಿ ಬರುವಾಗ ಅಮ್ಮ ಬದಿಯಡ್ಕದವರೆಗೆ ಒಂದೂ ಮಾತಾಡಲಿಲ್ಲ. ಬಸ್ಸಿನಲ್ಲಿ ಅವಳಿಗೆ ತಲೆಸುತ್ತು ಬರುತ್ತದೆ, ಅದಕ್ಕೇ ಇರಬೇಕು ಅಂತ ನಾನು ಅಂದುಕೊಂಡಿದ್ದೆ.

ಅಮ್ಮ ಹುಟ್ಟಿದ್ದು 1955ರಲ್ಲಿ. ಆಗ ನಮ್ಮ ಊರು ಮದ್ರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಅವಳಿಗೆ ಒಂದು ವರ್ಷ ತುಂಬಿದ ಮೇಲೆ, 1956ರ ನವೆಂಬರ್ 1ಕ್ಕೆ, ಕಾಸರಗೋಡು ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ 1967ರಲ್ಲಿ ಮಹಾಜನ ಆಯೋಗ ವರದಿ ಕೊಟ್ಟಿತು, ಅದು ಜಾರಿಗೆ ಬರಲಿಲ್ಲ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನಮ್ಮ ಪಕ್ಕದ ಪೆರಡಾಲದವರು, ಅವರು ಕೊನೆಯವರೆಗೂ ಅದೇ ನೋವಿನಲ್ಲಿದ್ದವರು. ಅಮ್ಮನಿಗೆ ಹೋರಾಟದ ಮಾತು ಜಾಸ್ತಿ ಗೊತ್ತಿಲ್ಲ. ಅವಳು ಕನ್ನಡ ಶಾಲೆಯಲ್ಲಿ ಏಳನೇ ಕ್ಲಾಸು ಓದಿದಳು, ಇದೇ ಮನೆಗೆ ಮದುವೆಯಾಗಿ ಬಂದಳು. ಅಂದಿನಿಂದ ಇಂದಿನವರೆಗೆ ಮನೆಗೆ ಬರುವ ಮಲಯಾಳಂ ಕಾಗದಗಳನ್ನು ಚಾವಡಿಯ ಮೂಲೆಯ ಸರಿಗೆಗೆ, ಅಂದರೆ ತಂತಿಗೆ, ಚುಚ್ಚಿಡುತ್ತಾಳೆ. ಓದಬಲ್ಲವರು ಯಾರಾದರೂ ಬಂದಾಗ ಕೇಳಬೇಕು. ಅಥವಾ ಜೀನಸಿನ ಅಂಗಡಿಗೆ ಹೋಗುವಾಗ ಕೊಂಡುಹೋಗಬೇಕು. ಅಂಗಡಿಯವರು ಒಳ್ಳೆಯ ಬ್ಯಾರಿ, ಗಿರಾಕಿಗಳ ನಡುವೆಯೂ ಓದಿ ಹೇಳುತ್ತಾರೆ.

ನಾನು ಒಂದೂವರೆ ವರ್ಷದಲ್ಲಿ ಸುಸ್ತಾದೆ. ಅವಳು ಇದನ್ನು ಜೀವಮಾನವಿಡೀ ಮಾಡಿದ್ದಾಳೆ. ಅದೂ ಎಲ್ಲಿಗೂ ಹೋಗದೆ, ಹುಟ್ಟಿದ ನೆಲದಲ್ಲೇ ಕೂತು. ನಾನು ಬೇಕು ಅಂತ ಹೋದವಳು, ಅಲ್ಲಿಯ ಭಾಷೆ ಕಲಿಯಬೇಕಾದ್ದು ನನ್ನ ಕೆಲಸ, ಅದರಲ್ಲಿ ನನಗೆ ದೂರು ಇಲ್ಲ. ಅಮ್ಮ ಎಲ್ಲಿಗೆ ಹೋಗಿದ್ದಳು?

ಕಳೆದ ವಸಂತದಲ್ಲಿ ನಾವು ರೈಲು ಹತ್ತಿ ಟ್ಯೂಬಿಂಗೆನ್‌ಗೆ ಹೋಗಿದ್ದೆವು. ಕನ್ನಡ ನಿಘಂಟು ಮಾಡಿದ ಕಿಟೆಲ್ 1903ರಲ್ಲಿ ತೀರಿಕೊಂಡದ್ದು ಆ ಊರಿನಲ್ಲಿ. ಮಲಯಾಳಂ ನಿಘಂಟು ಮಾಡಿದ ಗುಂಡರ್ಟ್ ಹುಟ್ಟಿದ್ದು ಸ್ಟುಟ್‌ಗಾರ್ಟಿನಲ್ಲಿ. ಗುಂಡರ್ಟರದ್ದು 1872, ಕಿಟೆಲರದ್ದು 1894, ಎರಡೂ ಅಚ್ಚಾದದ್ದು ಮಂಗಳೂರಿನಲ್ಲಿ, ನಮ್ಮ ಮನೆಯಿಂದ ಬಸ್ಸಿನಲ್ಲಿ ಒಂದೆರಡು ಗಂಟೆ ದೂರ. ನದಿಯ ಪಕ್ಕ ಕೂತು ನಾನು ಇದನ್ನೇ ಯೋಚಿಸುತ್ತಿದ್ದೆ. ಅವರೂ ಒಂದು ದಿನ ನಮ್ಮ ಕಡೆಯ ಯಾವುದೋ ಅಂಗಡಿಯ ಮುಂದೆ ಮಾತು ಬಾರದೆ ನಿಂತಿರಬೇಕು ಅಲ್ವಾ. ಕೇಳಿ ಕೇಳಿ, ಬರೆದಿಟ್ಟು ಬರೆದಿಟ್ಟು, ಅಷ್ಟು ದೊಡ್ಡ ಪುಸ್ತಕ ಮಾಡಿದರು. ಅವತ್ತಿನಿಂದ ನಾನು ಬಿಸ್ಕತ್ತಿನ ಡಬ್ಬ ಬಿಟ್ಟೆ. ಕಾಗದ ಬಂದ ದಿನವೇ ತೆರೆಯುತ್ತೇನೆ, ಗೊತ್ತಿಲ್ಲದ ಶಬ್ದಕ್ಕೆ ಪೆನ್ಸಿಲ್ಲಿನಲ್ಲಿ ಗೆರೆ ಹಾಕಿ ಮೇಲೆ ಕನ್ನಡದಲ್ಲಿ ಬರೆಯುತ್ತೇನೆ. ಈಗ ಅರ್ಧ ಪುಟ ಗೆರೆ ಇಲ್ಲದೆ ದಾಟುತ್ತದೆ.

ಮೊನ್ನೆ ಸಂಜೆ ಮಗ ಸರಿಗೆಯ ಹತ್ತಿರ ನಿಂತು, "ಅಜ್ಜಿ, ಇದೆಲ್ಲ ಎಂತ ಕಾಗದ?" ಅಂತ ಕೇಳಿದ. "ಗೊತ್ತಿಲ್ಲ ಮಗಾ, ಓದ್ಲಿಕ್ಕೆ ಬರುದಿಲ್ಲ" ಅಂದಳು ಅಮ್ಮ. ಅವನಿಗೆ ಆಶ್ಚರ್ಯ. ಅಜ್ಜಿ ದಿನಾ ಬೆಳಿಗ್ಗೆ ಪೇಪರ್ ಓದುವುದನ್ನು ಅವನು ನೋಡಿದ್ದಾನೆ. "ಮತ್ತೆ ಅವರು ಅಜ್ಜಿಗೆ ಗೊತ್ತಿರುವ ಭಾಷೆಯಲ್ಲಿ ಯಾಕೆ ಬರೆಯುವುದಿಲ್ಲ?" ಅಂತ ನನ್ನನ್ನು ಕೇಳಿದ. ನಾನು ಉತ್ತರ ಕೊಡಲಿಲ್ಲ. ಸರಿಗೆಯಿಂದ ಮೇಲಿನ ಕಾಗದ ತೆಗೆದು ಅಮ್ಮನ ಪಕ್ಕ ಕೂತೆ.

ನನಗೆ ಮಲಯಾಳಂ ಮಾತು ಬರುತ್ತದೆ, ಅಕ್ಷರ ಬಸ್ಸಿನ ಬೋರ್ಡು ಓದುವಷ್ಟು ಮಾತ್ರ. ಕುಂಬಳೆ, ಪೆರ್ಲ, ಮುಳ್ಳೇರಿಯ ಅಂತ ಬೋರ್ಡು ನೋಡಿ ನೋಡಿ ಕಲಿತದ್ದು. ಆ ಅಕ್ಷರಗಳನ್ನೇ ಹಿಡಿದುಕೊಂಡು, ಫೋನಿನ ಕ್ಯಾಮೆರಾ ಹಿಡಿದು, ತಪ್ಪು ಬಂದಲ್ಲಿ ಮತ್ತೆ ಹಿಡಿದು, ಒಂದು ಗಂಟೆ ಕೂತೆವು. ಜೂನ್ ತಿಂಗಳ ಕಾಗದ. ಜಾಗದ ಅಳತೆಯ ವಿಷಯ, 15 ದಿನದೊಳಗೆ ದಾಖಲೆ ತೋರಿಸಬೇಕು ಅಂತ ಇತ್ತು. ದಿನ ಕಳೆದು ತಿಂಗಳು ದಾಟಿದೆ. "ಅಂಗಡಿಯಲ್ಲಿ ಕೇಳಿದ್ದೆ, ಎಂತದ್ದೋ ಅಳತೆಯದ್ದು ಅಂದರು, ಅವತ್ತು ಜನ ಜಾಸ್ತಿ ಇದ್ದರು" ಅಂದಳು ಅಮ್ಮ. ಅವಳ ದನಿ ಸಣ್ಣದಾಗಿತ್ತು. ಆ ದನಿಯ ಗುರುತು ನನಗೆ ಚೆನ್ನಾಗಿ ಉಂಟು, ಗಂಡ ಟಿವಿಯ ಬಾಕಿ ಕೇಳಿದ ದಿನ ನನ್ನದೂ ಹಾಗೆಯೇ ಆಗಿತ್ತು.

ನಾನು ಅವಳ ಕೈ ಹಿಡಿದು, ಬ್ಯಾಂಕಿನ ವಿಷಯ ನೆನಪುಂಟಾ ಅಂತ ಕೇಳಿದೆ. ಉಂಟು ಅಂದಳು. ಮತ್ತೆ ನಾವಿಬ್ಬರೂ ಅದರ ಬಗ್ಗೆ ಮಾತಾಡಲಿಲ್ಲ. "ನಾಳೆ ಕೊಟ್ಟಿಗೆ ಮಾಡ್ತೇನೆ, ಬಾಳೆ ಎಲೆ ಬಾಡಿಸಿ ಇಡ್ಬೇಕು" ಅಂದಳು. ಕೊಟ್ಟಿಗೆ ಅಂದರೆ ನಮ್ಮಲ್ಲಿ ಬಾಳೆ ಎಲೆಯಲ್ಲಿ ಬೇಯಿಸುವ ಕಡುಬು.

ಕಾಸರಗೋಡಿನ ಕನ್ನಡದವರು ಸರಕಾರಿ ಕಚೇರಿಗೆ ಕನ್ನಡದಲ್ಲೇ ಬರೆಯಬಹುದು, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು ಅವರಿಗಿದೆ. ಅದನ್ನು ಕೊಟ್ಟದ್ದು ಕೇರಳದ್ದೇ 1969ರ ಅಧಿಕೃತ ಭಾಷಾ ಕಾಯ್ದೆ. ಅಮ್ಮನಂಥವರಿಗೆ ಇದನ್ನು ಯಾರೂ ಹೇಳುವುದಿಲ್ಲ. ಹೇಳಿದರೂ ಕೇಳಿಕೊಂಡು ಹೋಗಲು ಧೈರ್ಯ ಬೇಕು. ನಿನ್ನೆ ರಾತ್ರಿ ಮೇಣದ ಬತ್ತಿ ಹಚ್ಚಿ ಅರ್ಜಿ ಬರೆದೆವು. ಅಮ್ಮ ಹೇಳಿದಳು, ನಾನು ಬರೆದೆ. ಕಾಗದ ತಡವಾಗಿ ಅರ್ಥವಾಯಿತು, ಇನ್ನೊಂದು ದಿನ ಕೊಡಿ, ಇನ್ನು ಮುಂದೆ ನನಗೆ ಕನ್ನಡದಲ್ಲಿ ಬರೆಯಿರಿ. ಮೂರೇ ಸಾಲು. ಮಗ ಮೇಜಿನ ಮೇಲೆ ಗಲ್ಲ ಊರಿ ನೋಡುತ್ತಿದ್ದ, ಅಜ್ಜಿಯ ಸಹಿ ಎಷ್ಟು ಉರುಟು ಅಂದ.

ನಾಳೆ ಬೆಳಿಗ್ಗೆ ಒಂಬತ್ತರ ಬಸ್ಸಿಗೆ ಹೋಗಿ ಕೊಟ್ಟು ಬರಬೇಕು. ನಾನು ಜೊತೆಗೆ ಇರುತ್ತೇನೆ, ಆದರೆ ಮಾತಾಡುವುದು ಅಮ್ಮನೇ. ಅವಳು ಆಗಲೇ ನೀಲಿ ಸೀರೆ ತೆಗೆದು ಮಂಚದ ಮೇಲೆ ಇಟ್ಟಿದ್ದಾಳೆ. ಮಳೆ ಇನ್ನೂ ಬಿಟ್ಟಿಲ್ಲ, ಎರಡು ಕೊಡೆ ಹುಡುಕಬೇಕು.