ಗ್ಯೂಜ್ ಬೆಲೆ ಏರಿದ್ದು ಯಾಕೆ, ಕೊಡಬೇಕಾ?

8 ನವೆಂಬರ್ 2025, ಶನಿವಾರ
ಬ್ರಸೆಲ್ಸ್

ಗ್ಯೂಜ್ ಅನ್ನುವ ಬೆಲ್ಜಿಯಂನ ಹುಳಿ ಬಿಯರಿನ ಬಾಟಲಿಯ ಬೆಲೆ ಮತ್ತೆ ಏರಿದೆ. ನಾವು ಯಾವಾಗಲೂ ಹೋಗುವ ಅಂಗಡಿಯಲ್ಲಿ ಹುಳಿ ಬಿಯರಿನ ಕಪಾಟಿಗೆಲ್ಲ ಹೊಸ ಚೀಟಿ ಅಂಟಿಸಿದ್ದಾರೆ. ಊರಿಂದ ಬಂದಿರುವ ಭಾವ ಒಂದು ಬಾಟಲಿ ಎತ್ತಿಕೊಂಡು, ಮನಸ್ಸಿನಲ್ಲೇ ರೂಪಾಯಿಗೆ ಲೆಕ್ಕ ಹಾಕಿ, ಜೋಪಾನವಾಗಿ ವಾಪಸ್ ಇಟ್ಟರು.

"ಬಿಯರಿಗೆ ಇಷ್ಟು ದುಡ್ಡಾ ಮಾರಾಯ?"

"ಮೂರು ವರ್ಷ ಹಿಡಿಯುತ್ತೆ ಭಾವ ಇದನ್ನ ಮಾಡೋಕೆ."

"ಆದ್ರೂ ಬಿಯರೇ ಅಲ್ವಾ?"

ಈ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕು ಅನ್ನಿಸಿತು. ಇಲ್ಲಿರುವ ನಮ್ಮ ಕನ್ನಡದ ಗೆಳೆಯರೂ ಇದನ್ನೇ ಕೇಳುತ್ತಿರುತ್ತಾರೆ. ಹಾಗಾಗಿ ಇವತ್ತಿನ ದಿನಚರಿ ಪೂರ್ತಿ ಇದೇ ವಿಷಯ.

ಮಧ್ಯಾಹ್ನ ಭಾವನನ್ನು ಕಾಂಟಿಯೋನ್‌ಗೆ ಕರೆದುಕೊಂಡು ಹೋದೆ. ಮಿಡಿ ರೈಲು ನಿಲ್ದಾಣದಿಂದ ನಡೆದೇ ಹೋಗಬಹುದು. 1900ರಲ್ಲಿ ಶುರುವಾದ, ಇವತ್ತಿಗೂ ಒಂದೇ ಕುಟುಂಬದ ಕೈಯಲ್ಲಿರುವ ಬ್ರೂವರಿ ಇದು. ಹೊರಗಿನಿಂದ ಹಳೇ ಗೋದಾಮಿನ ಹಾಗೆ ಕಾಣುತ್ತದೆ. 1978ರಿಂದ ಇದೇ ಒಂದು ಮ್ಯೂಸಿಯಂ ಕೂಡ ಹೌದು. ಟಿಕೆಟ್ ತೆಗೆದುಕೊಂಡರೆ ನಾವೇ ಒಳಗೆಲ್ಲ ಓಡಾಡಿ ನೋಡಬಹುದು. ಜೇಡರ ಬಲೆಗಳನ್ನೂ ಇಲ್ಲಿ ಯಾರೂ ಗುಡಿಸುವುದಿಲ್ಲ. ಬಿಯರಿಗೆ ಹಣ್ಣು ಹಾಕುವ ಕಾಲಕ್ಕೆ ಬರುವ ನೊಣಗಳನ್ನು ಜೇಡಗಳೇ ನೋಡಿಕೊಳ್ಳುತ್ತವೆ.

ಗ್ಯೂಜ್‌ನ ಮೂಲ ಬಿಯರಿನ ಹೆಸರು ಲ್ಯಾಂಬಿಕ್. ಮೊಳಕೆ ಬರಿಸಿದ ಬಾರ್ಲಿ ಸುಮಾರು ಮೂರರಲ್ಲಿ ಎರಡು ಪಾಲು, ಹಸಿ ಗೋಧಿ ಒಂದು ಪಾಲು. ಜೊತೆಗೆ ಕೆಲವು ವರ್ಷ ಹಳೆಯದಾಗಿ ಕಹಿ ಕಳೆದುಕೊಂಡ ಹಾಪ್ಸ್ ಅನ್ನುವ ಹೂವು. ಇದನ್ನೆಲ್ಲ ಗಂಟೆಗಟ್ಟಲೆ ಕುದಿಸುತ್ತಾರೆ. ಆಮೇಲೆ ಆ ಬಿಸಿ ರಸವನ್ನು ಅಟ್ಟದ ಮೇಲಿರುವ ಅಗಲವಾದ ತಾಮ್ರದ ಹರಿವಾಣಕ್ಕೆ ಬಿಡುತ್ತಾರೆ. ಕಾಂಟಿಯೋನ್‌ನ ಹರಿವಾಣದಲ್ಲಿ 7,500 ಲೀಟರ್ ಹಿಡಿಯುತ್ತದೆ. ಕಿಟಕಿ ತೆರೆದಿಟ್ಟು ಇಡೀ ರಾತ್ರಿ ಆರಲು ಬಿಟ್ಟುಬಿಡುತ್ತಾರೆ. ಯೀಸ್ಟ್ ಯಾರೂ ಹಾಕುವುದಿಲ್ಲ. ಗಾಳಿಯಲ್ಲಿ, ಮಾಡಿನ ಮರದಲ್ಲಿ, ಹಳೇ ಪೀಪಾಯಿಗಳಲ್ಲಿ ಇರುವ ಜೀವಿಗಳೇ ಬಂದು ಸೇರಿಕೊಳ್ಳುತ್ತವೆ. ಬೆಳಿಗ್ಗೆ ರಸವನ್ನು ಪೀಪಾಯಿಗೆ ತುಂಬಿಸುತ್ತಾರೆ.

ಮೊದಲು ಸಕ್ಕರೆ ತಿನ್ನುವ ಸಾಮಾನ್ಯ ಯೀಸ್ಟ್‌ಗಳ ಕಾಲ. ಆಮೇಲೆ ಪೀಡಿಯೋಕಾಕಸ್ ಅನ್ನುವ ಬ್ಯಾಕ್ಟೀರಿಯಾ ತಿಂಗಳುಗಟ್ಟಲೆ ಹುಳಿ ಕಟ್ಟುತ್ತದೆ. ಕೊನೆಗೆ ಬ್ರೆಟ್ಟನೋಮೈಸಿಸ್ ಅನ್ನುವ ಕಾಡು ಯೀಸ್ಟ್ ನಿಧಾನವಾಗಿ ಉಳಿದದ್ದನ್ನೆಲ್ಲ ಮುಗಿಸುತ್ತದೆ. ಒಣಹುಲ್ಲು, ಚರ್ಮ, ನಿಂಬೆಸಿಪ್ಪೆಯಂಥ ವಾಸನೆ ಬರುವುದು ಅದರಿಂದ. ಒಂದು, ಎರಡು, ಮೂರು ವರ್ಷದ ಲ್ಯಾಂಬಿಕ್‌ಗಳನ್ನು ರುಚಿ ನೋಡಿ ಬೆರೆಸಿ, ದಪ್ಪ ಬಾಟಲಿಗೆ ತುಂಬಿ ಬಿರಡೆ ಹಾಕಿದರೆ ಅದು ಗ್ಯೂಜ್. ಎಳೆಯ ಲ್ಯಾಂಬಿಕ್‌ನಲ್ಲಿ ಉಳಿದಿರುವ ಸಕ್ಕರೆಯಿಂದ ಬಾಟಲಿಯೊಳಗೇ ಮತ್ತೆ ಹುದುಗೆದ್ದು ನೊರೆ ಬರುತ್ತದೆ. ಅದಕ್ಕೂ ತಿಂಗಳುಗಳು ಬೇಕು.

ಪ್ರವಾಸದ ಕೊನೆಗೆ ಕೊಡುವ ಲೋಟ ಭಾವನ ಕೈಗೆ ಬಂತು. ಮೊದಲ ಗುಟುಕಿಗೆ ಒಂದು ಕಣ್ಣು ಮುಚ್ಚಿಹೋಯಿತು. ಎರಡನೆಯದಕ್ಕೆ ತಲೆ ಆಡಿಸಿದರು. ಮೂರನೆಯದಕ್ಕೆ, "ಬೆಳಿಗ್ಗೆ ಇಳಿಸಿದ ಕಳ್ಳು ಸಂಜೆ ಹೊತ್ತಿಗೆ ಹೀಗೇ ಆಗೋದು ಅಲ್ವಾ?" ಅಂದರು.

ಎಷ್ಟು ಸರಿಯಾಗಿ ಹೇಳಿದರು! ನಮ್ಮ ಕರಾವಳಿಯ ಕಳ್ಳೂ ತಾನಾಗಿಯೇ ಹುದುಗುವಂಥದ್ದು. ಅಲ್ಲೂ ಯೀಸ್ಟ್ ಯಾರೂ ಹಾಕುವುದಿಲ್ಲ. ಆದರೆ ಕಳ್ಳು ಒಂದೇ ದಿನದಲ್ಲಿ ಸಿಹಿಯಿಂದ ಹುಳಿಗೆ, ಹುಳಿಯಿಂದ ವಿನೆಗರ್ ಕಡೆಗೆ ಓಡುತ್ತದೆ. ಇಲ್ಲಿಯ ಚಳಿಯಲ್ಲಿ ಇಂಥದ್ದೇ ಓಟ ಮೂರು ವರ್ಷ ನಡೆಯುತ್ತದೆ. ಆ ಮೂರು ವರ್ಷ ಜಾಗಕ್ಕೆ ಬಾಡಿಗೆ, ಪೀಪಾಯಿಗೆ ರಿಪೇರಿ, ಕೆಲಸದವರಿಗೆ ಸಂಬಳ. ಮಾರಲು ಮಾತ್ರ ಏನೂ ಇಲ್ಲ. ಮರದ ಮೂಲಕ ಒಂದಿಷ್ಟು ಆವಿಯಾಗಿಯೇ ಹೋಗುತ್ತದೆ. ಕೆಲವು ಪೀಪಾಯಿ ಕೆಟ್ಟು ವಿನೆಗರ್ ಆಗುತ್ತವೆ, ಚೆಲ್ಲಬೇಕಾಗುತ್ತದೆ. ಕೆಟ್ಟದ್ದರ ಖರ್ಚನ್ನೂ ಒಳ್ಳೆಯದೇ ದುಡಿಯಬೇಕು.

ಹಾಗಾದರೆ ಈಚೆಗೆ ಇಷ್ಟು ಜಾಸ್ತಿ ಆಗಿದ್ದು ಯಾಕೆ? ನಾನು ನೋಡಿದ ಮಟ್ಟಿಗೆ ಮುಖ್ಯ ಕಾರಣ 2022. ಉಕ್ರೇನ್ ಯುದ್ಧ ಶುರುವಾದ ಮೇಲೆ ಯುರೋಪಿನಲ್ಲಿ ಗ್ಯಾಸ್ ಬೆಲೆ ಆಕಾಶಕ್ಕೆ ಹೋಯಿತು. ಗಂಟೆಗಟ್ಟಲೆ ಕುದಿಸುವ ಬಿಯರಿಗೆ ಅದು ದೊಡ್ಡ ಹೊಡೆತ. ಗಾಜಿನ ಕುಲುಮೆಗಳೂ ಗ್ಯಾಸಿನಲ್ಲೇ ಉರಿಯುವುದರಿಂದ ಬಾಟಲಿಯ ಬೆಲೆಯೂ ಏರಿತು. ಗ್ಯೂಜ್‌ಗೆ ಬೇಕಾಗಿರುವುದು ಶಾಂಪೇನ್ ಥರದ ಒತ್ತಡ ತಡೆಯುವ ಭಾರದ ಬಾಟಲಿ. ಬೆಲ್ಜಿಯಂನಲ್ಲಿ ಬೆಲೆ ಏರಿದಂತೆ ಸಂಬಳವೂ ಏರಲೇಬೇಕು ಎಂಬ ನಿಯಮ ಇದೆ. 2023ರ ಜನವರಿಯಲ್ಲಿ ನನ್ನಂಥ ಕಚೇರಿ ಕೆಲಸದವರ ಸಂಬಳ 11.08% ಏರಿತು. ಆಹಾರ, ಬಿಯರ್ ತಯಾರಿಸುವವರದ್ದೂ ಹೆಚ್ಚುಕಡಿಮೆ ಅಷ್ಟೇ. ನನ್ನ ಏರಿಕೆಯನ್ನು ಸಂತೋಷದಿಂದ ತೆಗೆದುಕೊಂಡ ನಾನು ಪೀಪಾಯಿ ತೊಳೆಯುವವನ ಏರಿಕೆಗೆ ಹೇಗೆ ಗೊಣಗಲಿ?

"ಈಗ ಗ್ಯಾಸ್ ಇಳಿದಿದೆಯಲ್ಲ, ಬಿಯರ್ ಯಾಕೆ ಇಳಿದಿಲ್ಲ?" ಎಂದು ಆಫೀಸಿನಲ್ಲಿ ಒಬ್ಬರು ಕೇಳಿದ್ದರು. ಉತ್ತರ ಬಾಟಲಿಯೊಳಗೇ ಇದೆ. ಈ ವರ್ಷ ಅಂಗಡಿಗೆ ಬಂದಿರುವ ಗ್ಯೂಜ್‌ನಲ್ಲಿರುವ ಮೂರು ವರ್ಷದ ಲ್ಯಾಂಬಿಕ್ ಕುದಿದದ್ದು ಆ ದುಬಾರಿ ಗ್ಯಾಸಿನ ಮೇಲೆ. ಬೇರೆ ಬಿಯರುಗಳು ಆ ದುಬಾರಿ ಕಾಲವನ್ನು ಯಾವಾಗಲೋ ದಾಟಿವೆ. ಲ್ಯಾಂಬಿಕ್ ಮಾಡುವವರು ಅದರ ಸಾಲವನ್ನು ಈಗ ತೀರಿಸುತ್ತಿದ್ದಾರೆ.

ಇನ್ನೊಂದು ಕಾರಣಕ್ಕೆ ಪರಿಹಾರವೇ ಕಾಣುತ್ತಿಲ್ಲ. ಹರಿವಾಣದಲ್ಲಿ ರಸ ಆರಲು ರಾತ್ರಿ ಚಳಿ ಇರಬೇಕು. ಸೆಖೆ ಇದ್ದರೆ ಬೇಡದ ಬ್ಯಾಕ್ಟೀರಿಯಾ ಬಂದು ಕೆಡಿಸುತ್ತವೆ. ಅದಕ್ಕೇ ಅಕ್ಟೋಬರ್ ಕೊನೆಯಿಂದ ಏಪ್ರಿಲ್ ಶುರುವಿನ ತನಕ ಮಾತ್ರ ಲ್ಯಾಂಬಿಕ್ ಮಾಡುತ್ತಾರೆ. 2015ರ ನವೆಂಬರಿನಲ್ಲಿ ರಾತ್ರಿಗಳು ಎಷ್ಟು ಬೆಚ್ಚಗಿದ್ದವು ಅಂದರೆ ಕಾಂಟಿಯೋನ್ ಕೆಲಸವನ್ನೇ ನಿಲ್ಲಿಸಬೇಕಾಯಿತು. ಚಳಿಯ ರಾತ್ರಿಗಳು ಕಡಿಮೆಯಾದರೆ ಬಿಯರೂ ಕಡಿಮೆ. ಬೇಡಿಕೆ ಮಾತ್ರ ಅಮೆರಿಕ, ಜಪಾನ್ ತನಕ ಹಬ್ಬಿದೆ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಅಭಿಪ್ರಾಯ ಹೇಳುತ್ತೇನೆ. ಗ್ಯೂಜ್‌ಗೆ ಈಗ ಕೇಳುತ್ತಿರುವುದು ನ್ಯಾಯದ ಬೆಲೆ. ಹಿಂದೆ ಇದ್ದದ್ದೇ ತೀರಾ ಕಡಿಮೆ. ಆ ಅಗ್ಗವೇ ಈ ಬಿಯರನ್ನು ಹೆಚ್ಚುಕಡಿಮೆ ಕೊಂದುಹಾಕಿತ್ತು.

ಒಂದು ಕಾಲಕ್ಕೆ ಇದು ಬ್ರಸೆಲ್ಸ್‌ನ ಕೂಲಿಯವರು ದಿನಾ ಕುಡಿಯುತ್ತಿದ್ದ ಬಿಯರ್. ಕಳೆದ ಶತಮಾನದಲ್ಲಿ ದೊಡ್ಡ ಕಂಪನಿಗಳ ತಿಳಿ ಬಿಯರ್, ಸೋಡಾ, ಸಿಹಿ ಹಾಕಿ ಸೋಸಿದ ಗ್ಯೂಜ್ ಬಂದವು. ಅವುಗಳ ಬೆಲೆಯ ಜೊತೆ ಸ್ಪರ್ಧಿಸಲಾರದೆ ಹಳೇ ಬ್ರೂವರಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಬ್ರಸೆಲ್ಸ್ ಪಕ್ಕದ ಬೆರ್ಸೆಲ್ ಊರಿನ ಔಡ್ ಬೆರ್ಸೆಲ್ ಬ್ರೂವರಿ 2002ರಲ್ಲಿ ಮುಚ್ಚಿಹೋಯಿತು. ಗೆರ್ಟ್ ಕ್ರಿಸ್ಟಿಯಾನ್ಸ್ ಅನ್ನುವ ಯುವಕ, ತನಗೆ ಇಷ್ಟವಾದ ಬಿಯರ್ ಇಲ್ಲವಾಗಬಾರದು ಅಂತ 2005ರಲ್ಲಿ ಅದನ್ನು ಮತ್ತೆ ತೆರೆದರು. ಅದೇ ಊರಿನ ಡ್ರೀ ಫೊಂಟೇನೆನ್ ಬ್ರೂವರಿಯ ಕತೆ ಕೇಳಿದರೆ ಹೊಟ್ಟೆ ಚುರ್ ಅನ್ನುತ್ತದೆ. 2009ರಲ್ಲಿ ಬಾಟಲಿಗಳನ್ನು ಬೆಚ್ಚಗಿಡುವ ಕೋಣೆಯ ಥರ್ಮೋಸ್ಟಾಟ್ ಕೆಟ್ಟು ಬಿಸಿ ಏರಿತು. ಸಾವಿರಾರು ಬಾಟಲಿ ಸಿಡಿದವು. ಉಳಿದದ್ದೂ ಬಿಯರ್ ಎಂದು ಮಾರುವಂತಿರಲಿಲ್ಲ. ಯಜಮಾನ ಆರ್ಮಾಂಡ್ ಡೆಬೆಲ್ಡರ್ ಸೋತುಹೋಗಿದ್ದರು. ಜನ ತಾವಾಗಿಯೇ ಬಂದು ಒಂದೊಂದೇ ಬಾಟಲಿ ತೆರೆದು ಸುರಿದುಕೊಟ್ಟರು. ಆ ಬಿಯರನ್ನು ಬಟ್ಟಿ ಇಳಿಸಿ, ಮಾರಿ, ಅವರು ಮತ್ತೆ ಎದ್ದು ನಿಂತರು. 2022ರಲ್ಲಿ ಆರ್ಮಾಂಡ್ ತೀರಿಕೊಂಡರು. ಅವರ ಮನೆಯ ಗ್ಯೂಜ್ ಇವತ್ತು ದುಬಾರಿ. ನಾನು ಅದಕ್ಕೆ ಮನಸ್ಸಾರೆ ದುಡ್ಡು ಕೊಡುತ್ತೇನೆ. ಮುಂದಿನ ಮೂರು ವರ್ಷಕ್ಕೆ ಪೀಪಾಯಿ ತುಂಬಲು ಅವರ ಕೈಯಲ್ಲಿ ಹಣ ಉಳಿಯಬೇಕು.

ಕೊಡಬಾರದ ದುಡ್ಡೂ ಇದೆ. ಅದರ ಬಗ್ಗೆ ನನಗೆ ನಿಜಕ್ಕೂ ಸಿಟ್ಟಿದೆ. ಬ್ರೂವರಿಯಿಂದ ಒಂದು ಬೆಲೆಗೆ ತಂದ ಬಾಟಲಿಯನ್ನು ಹಲವು ಪಟ್ಟು ಬೆಲೆಗೆ ಮರುಮಾರಾಟ ಮಾಡುವವರಿದ್ದಾರೆ. ಅದರಲ್ಲಿ ಮಾಡಿದವನಿಗೆ ಒಂದು ಸೆಂಟ್ ಕೂಡ ಸಿಗುವುದಿಲ್ಲ. ಇದನ್ನು ತಡೆಯಲೆಂದೇ ಕಾಂಟಿಯೋನ್ ಕೆಲವು ಬಾಟಲಿಗಳನ್ನು ಅಲ್ಲೇ ಕೂತು ಕುಡಿಯಲು ಮಾತ್ರ ಕೊಡುತ್ತದೆ, ಮನೆಗೆ ಒಯ್ಯಲು ಬಿಡುವುದಿಲ್ಲ. ಒಳ್ಳೆಯ ಪದ್ಧತಿ. ಇವತ್ತು ನಾವು ಕೂತ ಮೇಜಿನ ಪಕ್ಕದಲ್ಲಿ ಬೇರೆ ಬೇರೆ ದೇಶದವರು ಒಂದೇ ಬಾಟಲಿ ಹಂಚಿಕೊಳ್ಳುತ್ತಿದ್ದರು. ಭಾವನಿಗೂ ಒಂದು ಗುಟುಕು ಬಂತು.

ಇನ್ನು ಬಣ್ಣಬಣ್ಣದ ಕ್ಯಾನಿನಲ್ಲಿ ಬರುವ ಹುಳಿ ಬಿಯರ್. ಮಾವು, ಪ್ಯಾಶನ್ ಫ್ರೂಟ್, ರಾಸ್ಪ್‌ಬೆರಿ ಎಲ್ಲ ಇರುತ್ತದೆ. ಇದರಲ್ಲಿ ಬಹಳಷ್ಟನ್ನು ಮಾಡುವ ರೀತಿಯೇ ಬೇರೆ. ಬೆಚ್ಚಗಿನ ರಸಕ್ಕೆ ಲ್ಯಾಕ್ಟೋಬ್ಯಾಸಿಲಸ್ ಅನ್ನುವ ಬ್ಯಾಕ್ಟೀರಿಯಾ ಸೇರಿಸಿ ಒಂದೆರಡು ದಿನ ಬಿಟ್ಟರೆ ಹುಳಿ ಬಂದುಬಿಡುತ್ತದೆ. ಆಮೇಲೆ ಕುದಿಸಿ, ಸಾಮಾನ್ಯ ಯೀಸ್ಟ್ ಹಾಕಿ, ಹಣ್ಣಿನ ತಿರುಳು ಬೆರೆಸಿದರೆ ಕೆಲವೇ ವಾರದಲ್ಲಿ ಸಿದ್ಧ. ಇದು ಮೋಸ ಅಲ್ಲ. ಚೆನ್ನಾಗಿ ಮಾಡಿದರೆ ಬೇಸಿಗೆಗೆ ಹಿತವಾಗಿರುತ್ತದೆ. ಹಣ್ಣಿನ ತಿರುಳೂ ಅಗ್ಗವಲ್ಲ, ತಂಪಾಗಿ ಸಾಗಿಸಲು ಖರ್ಚೂ ಇದೆ. ಆದರೆ ನಮ್ಮ ಅಂಗಡಿಯಲ್ಲಿ 44 ಸೆಂಟಿಲೀಟರಿನ ಅಂಥ ಕ್ಯಾನಿನ ಬೆಲೆ, ಲೀಟರ್ ಲೆಕ್ಕದಲ್ಲಿ, ಪಕ್ಕದಲ್ಲಿದ್ದ ಬೂನ್ ಕಂಪನಿಯ ಗ್ಯೂಜ್‌ಗಿಂತ ಜಾಸ್ತಿ ಇದೆ! ಕೆಲವು ವಾರದ ಕೆಲಸಕ್ಕೆ ಮೂರು ವರ್ಷದ್ದಕ್ಕಿಂತ ಹೆಚ್ಚು ಕೊಡಿ ಅಂದರೆ ನಾನು ಕೊಡುವುದಿಲ್ಲ. ಚೀಟಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಲೀಟರ್ ಬೆಲೆ ಬರೆದಿರುತ್ತಾರೆ. ದಯವಿಟ್ಟು ಅದನ್ನು ಓದಿ.

ಬೂನ್ ಹೆಸರು ಬಂದದ್ದಕ್ಕೆ ಒಂದು ಮಾತು. 1970ರ ದಶಕದಲ್ಲಿ, ಎಲ್ಲರೂ ಕೈಬಿಡುತ್ತಿದ್ದಾಗ, ಫ್ರಾಂಕ್ ಬೂನ್ ಈ ಕೆಲಸಕ್ಕೆ ಇಳಿದವರು. ಅವರ ಬ್ರೂವರಿ ಈಗ ದೊಡ್ಡದು. ಹಾಗಾಗಿ ಅವರ ಗ್ಯೂಜ್ ಸೂಪರ್ ಮಾರ್ಕೆಟ್‌ನಲ್ಲೂ ಕೈಗೆಟಕುವ ಬೆಲೆಗೆ ಸಿಗುತ್ತದೆ. ಹೊಸಬರು ಇದರಿಂದಲೇ ಶುರುಮಾಡಲಿ. ಅಪರೂಪದ ಬಾಟಲಿ ಹುಡುಕಿಕೊಂಡು ಹೋಗುವ ಅಗತ್ಯ ಇಲ್ಲ. ಮೈಲಿಗಟ್ಟಲೆ ಅಲೆದು ತಂದದ್ದಕ್ಕಿಂತ ಇದು ಯಾವ ರೀತಿಯಲ್ಲೂ ಕಡಿಮೆ ಅಂತ ನನಗೆ ಅನ್ನಿಸಿಲ್ಲ.

ಲೇಬಲ್ ನೋಡುವಾಗ 'ಔಡೆ ಗ್ಯೂಜ್' ಅಂತ ಪೂರ್ತಿ ಬರೆದಿದೆಯಾ ನೋಡಿ. ಯುರೋಪಿನ ನಿಯಮ ಈ ಹೆಸರಿಗೆ ರಕ್ಷಣೆ ಕೊಟ್ಟಿದೆ. ಬರೀ 'ಗ್ಯೂಜ್' ಅಂತ ಇದ್ದರೆ ಸಿಹಿ ಹಾಕಿದ್ದೂ ಇರಬಹುದು. ಕಾಂಟಿಯೋನ್ ಬಾಟಲಿ ಮೇಲೆ '100% ಲ್ಯಾಂಬಿಕ್' ಅಂತ ಇರುತ್ತದೆ, ಅದು ಸರಿಯಾದದ್ದೇ.

ಹೋಟೆಲಿನಲ್ಲಿ ಕುಡಿಯುವುದನ್ನು ನಾವು ಈಗ ಕಡಿಮೆ ಮಾಡಿದ್ದೇವೆ. ಪೇಟೆಯ ನಡುವಿನ ಬಾರ್‌ಗಳಲ್ಲಿ ಪ್ರವಾಸಿಗರಿಗೆಂದು ಹಾಕುವ ಬೆಲೆ ನನಗೆ ಒಪ್ಪುವುದಿಲ್ಲ. ಅದರ ಬದಲು ಎರಡು ಮೂರು ಮನೆಯವರು ಸೇರಿ ಒಂದು 75 ಸೆಂಟಿಲೀಟರಿನ ಬಾಟಲಿ ತೆರೆಯುತ್ತೇವೆ. ಇದು ಗಟಗಟ ಕುಡಿಯುವ ಬಿಯರ್ ಅಲ್ಲ. ತಲೆಗೊಂದು ಸಣ್ಣ ಲೋಟ ಸಾಕು. ಹಾಗೆ ಹಂಚಿದರೆ ಒಬ್ಬೊಬ್ಬರಿಗೆ ಬೀಳುವ ಖರ್ಚು ಒಂದು ಕಾಫಿಯ ಆಸುಪಾಸಿಗೆ ಬರುತ್ತದೆ. ಮೂರು ವರ್ಷ ಮರದಲ್ಲಿದ್ದು, ಬಾಟಲಿಯಲ್ಲಿ ಎರಡನೇ ಸಲ ಹುದುಗಿದ ವೈನ್ ಈ ದುಡ್ಡಿಗೆ ಎಲ್ಲಿ ಸಿಗುತ್ತದೆ ಹೇಳಿ?

ಊರಿಗೆ ಒಯ್ಯುವವರಿಗೆ: ಭಾರತಕ್ಕೆ ಸುಂಕವಿಲ್ಲದೆ ಒಬ್ಬರು 2 ಲೀಟರ್ ತನಕ ಮದ್ಯ ತರಬಹುದು. ಅಂದರೆ 75 ಸೆಂಟಿಲೀಟರಿನದ್ದು ಎರಡು, 37.5ರದ್ದು ಒಂದು. ವಿಮಾನಕ್ಕೆ ಕೊಡುವ ಲಗೇಜಿನಲ್ಲಿ ಬಟ್ಟೆ ಸುತ್ತಿ ಇಡಿ. ಮನೆಗೆ ಹೋದ ಮೇಲೆ ಒಂದೆರಡು ವಾರ ಕತ್ತಲೆಯ ತಂಪು ಜಾಗದಲ್ಲಿ ಅಲುಗಾಡಿಸದೆ ಬಿಡಿ. ತೆರೆಯುವ ಹಿಂದಿನ ದಿನ ನೆಟ್ಟಗೆ ನಿಲ್ಲಿಸಿ, ಗಸಿ ತಳಕ್ಕೆ ಇಳಿಯಲಿ. ತೀರಾ ತಣ್ಣಗೆ ಬೇಡ, ರುಚಿ ಮುಚ್ಚಿಹೋಗುತ್ತದೆ. ಫ್ರಿಜ್‌ನಿಂದ ತೆಗೆದು ಅರ್ಧ ಗಂಟೆ ಬಿಟ್ಟು ತೆರೆಯಿರಿ. ಬಿರಡೆ ಜೋರಾಗಿ ಹಾರುತ್ತದೆ, ಮಕ್ಕಳನ್ನು ದೂರ ನಿಲ್ಲಿಸಿ.