ಪಿ.ಪಿ.ಗೂ ಓಟಾ?

ಫ್ರೀಮಾಂಟ್, ಕ್ಯಾಲಿಫೋರ್ನಿಯಾ
6 ನವೆಂಬರ್ 2022, ಭಾನುವಾರ

ಇವತ್ತಿಂದ ಇಲ್ಲಿ ಚಳಿಗಾಲದ ಸಮಯ, ಗಡಿಯಾರ ಒಂದು ಗಂಟೆ ಹಿಂದೆ. ಬೆಳಿಗ್ಗೆ ಎಂಟಕ್ಕೆ ಫೋನ್ ಮಾಡಿದರೆ ಹಾಸನದಲ್ಲಿ ರಾತ್ರಿ ಒಂಬತ್ತೂವರೆ, ಅಪ್ಪ ಮಲಗುವ ಹೊತ್ತು. ಮಂಗಳವಾರ ಚುನಾವಣೆ. ಮೇಜಿನ ಮೇಲೆ ಹರಡಿದ್ದ ಬ್ಯಾಲೆಟ್ ಕಾಗದವನ್ನು ಸುಮ್ನೆ ವಿಡಿಯೋದಲ್ಲಿ ತೋರಿಸಿದೆ.

"ಇದೇನು ಪುಟ್ಟಿ, ಡಿಸ್ಟ್ರಿಕ್ಟ್ ಅಟಾರ್ನಿ ಅಂತಿದೆ?"

"ನಮ್ಮ ಕಡೆ ಸರ್ಕಾರದ ಪರ ಕೇಸ್ ನಡೆಸೋ ಪಬ್ಲಿಕ್ ಪ್ರಾಸಿಕ್ಯೂಟರ್, ಪಿ.ಪಿ. ಇರ್ತಾರಲ್ಲಪ್ಪ, ಆ ಥರ. ಇಡೀ ಕೌಂಟಿಗೆ, ಅಂದ್ರೆ ನಮ್ಮ ಜಿಲ್ಲೆ ಇದ್ದ ಹಾಗೆ, ಇವರೇ ದೊಡ್ಡವರು."

"ಪಿ.ಪಿ.ಗೂ ಓಟಾ?"

ಅಪ್ಪ ಎದ್ದು ಕೂತರು. ಮೂವತ್ತು ವರ್ಷ ಕೋರ್ಟಿನಲ್ಲಿ ಕೆಲಸ ಮಾಡಿದವರು. ಅವರು ಕಂಡ ಪಿ.ಪಿ.ಗಳನ್ನು ನೇಮಿಸುವುದು ಸರ್ಕಾರ. ಜಿಲ್ಲಾ ಮ್ಯಾಜಿಸ್ಟ್ರೇಟರು ಸೆಷನ್ಸ್ ಜಡ್ಜ್ ಜೊತೆ ಸಮಾಲೋಚಿಸಿ ಪಟ್ಟಿ ಮಾಡುತ್ತಾರೆ, ಕನಿಷ್ಠ 7 ವರ್ಷ ವಕೀಲಿಕೆ ಮಾಡಿರಬೇಕು. "ಓಟ್ ಕೇಳ್ಕೊಂಡು ಬಂದೋರು ಕೇಸ್ ಹೆಂಗೆ ನೋಡ್ತಾರೆ? ಜನ ಜೋರಾಗಿ ಕೂಗಿದ ಕಡೆ ವಾಲಲ್ವಾ?" ಅಂದರು. ಉತ್ತರ ಹೇಳಲು ಆಗಲಿಲ್ಲ. ಆ ಪ್ರಶ್ನೆ ಇಡೀ ದಿನ ತಲೆಯಲ್ಲೇ ಇತ್ತು.

ನಮ್ಮಲ್ಲಿ ಚಾರ್ಜ್‌ಶೀಟ್ ಹಾಕುವುದು ಪೊಲೀಸರು. ಇಲ್ಲಿ ಪೊಲೀಸರು ಹಿಡಿದು ತರುತ್ತಾರೆ, ಕೇಸ್ ಹಾಕಬೇಕೋ ಬೇಡವೋ ಅನ್ನುವುದು ಡಿಸ್ಟ್ರಿಕ್ಟ್ ಅಟಾರ್ನಿ, ಅಂದರೆ ಡಿ.ಎ. ಕಚೇರಿಯ ಕೈಯಲ್ಲಿ. ಕೆಲವು ಅಪರಾಧಗಳನ್ನು ದೊಡ್ಡದು ಅಂತಲೂ ಹಾಕಬಹುದು, ಚಿಕ್ಕದು ಅಂತಲೂ ಹಾಕಬಹುದು. ಹೆಚ್ಚಿನ ಕೇಸ್‌ಗಳು ಪೂರ್ತಿ ವಿಚಾರಣೆವರೆಗೆ ಬರುವುದೇ ಇಲ್ಲ, ಡಿ.ಎ. ಕಚೇರಿಯ ಜೊತೆ ಮಾತಾಗಿ ತಪ್ಪೊಪ್ಪಿಗೆಯಲ್ಲಿ ಮುಗಿಯುತ್ತವೆ. ಅಂದರೆ ಒಬ್ಬ ಹುಡುಗನ ಬದುಕು ಎಷ್ಟೋ ಸಲ ತೀರ್ಮಾನವಾಗುವುದು ಜಡ್ಜ್ ಮುಂದೆ ಅಲ್ಲ, ಯಾರೂ ನೋಡದ ಒಂದು ಫೈಲಿನಲ್ಲಿ. ಅಂಗಡಿ ಕಳ್ಳತನದ ಬಗ್ಗೆ ಎಲ್ಲರೂ ಡಿ.ಎ. ಮೇಲೆ ಸಿಟ್ಟಾಗುತ್ತಾರೆ. ಆದರೆ 950 ಡಾಲರ್‌ಗಿಂತ ಜಾಸ್ತಿ ಬೆಲೆಯದಲ್ಲದ ಕಳ್ಳತನವನ್ನು ಸಾಮಾನ್ಯವಾಗಿ ಚಿಕ್ಕ ಅಪರಾಧ ಅಂತ ನೋಡಬೇಕು ಅನ್ನುವ ಕಾನೂನಿಗೆ 2014ರಲ್ಲಿ ಒಪ್ಪಿಗೆ ಕೊಟ್ಟದ್ದು ಈ ರಾಜ್ಯದ ಮತದಾರರೇ. ಬೇಸಿಗೆಯಲ್ಲಿ ಕೊಲ್ಲಿಯ ಆಚೆ ಸ್ಯಾನ್ ಫ್ರಾನ್ಸಿಸ್ಕೋದವರು ತಮ್ಮ ಡಿ.ಎ. ಚೆಸಾ ಬೂಡಿನ್ ಅವರನ್ನು ಅವಧಿ ಮುಗಿಯುವ ಮೊದಲೇ ಓಟು ಹಾಕಿ ಇಳಿಸಿದರು. ಅಪ್ಪನ ಅನುಮಾನ ಸುಳ್ಳಲ್ಲ.

ನಮ್ಮ ಅಲಮೀಡಾ ಕೌಂಟಿಯಲ್ಲಿ ಕಣದಲ್ಲಿ ಇಬ್ಬರು. ಟೆರ್ರಿ ವೈಲಿ ಇದೇ ಕಚೇರಿಯಲ್ಲಿ ಮೂವತ್ತು ವರ್ಷಕ್ಕೂ ಜಾಸ್ತಿ ಪ್ರಾಸಿಕ್ಯೂಟರ್. ಪಮೇಲಾ ಪ್ರೈಸ್ ನಾಗರಿಕ ಹಕ್ಕುಗಳ ವಕೀಲರು, ಪ್ರಾಸಿಕ್ಯೂಟರ್ ಆಗಿ ಕೆಲಸ ಮಾಡಿದವರಲ್ಲ. ಯೇಲ್‌ನಲ್ಲಿ ಓದುವಾಗಲೇ ಲೈಂಗಿಕ ಕಿರುಕುಳದ ವಿಷಯಕ್ಕೆ ವಿಶ್ವವಿದ್ಯಾಲಯದ ಮೇಲೆ ಕೇಸ್ ಹಾಕಿದವರಲ್ಲಿ ಒಬ್ಬರು. ಬ್ಯಾಲೆಟ್‌ನಲ್ಲಿ ಪಕ್ಷದ ಗುರುತಿಲ್ಲ. ಹೆಸರು, ಅದರ ಕೆಳಗೆ ಮಾಡುವ ಕೆಲಸ ಏನು ಅಂತ ಎರಡು ಮೂರು ಪದ, ಅಷ್ಟೆ. ಒಬ್ಬರದು ಒಳಗಿನ ಅನುಭವ, ಇನ್ನೊಬ್ಬರದು ಎದುರಿನ ಕುರ್ಚಿಯ ಅನುಭವ. ನ್ಯಾಯದ ಮಾತನ್ನು ಇಬ್ಬರೂ ಆಡುತ್ತಾರೆ.

ಆ ಮಾತು ಬಂದಾಗೆಲ್ಲ ನನಗೆ ನೆನಪಾಗುವುದು ನಾನು ಜ್ಯೂರಿಯಲ್ಲಿ, ಅಂದರೆ ಕೇಸ್ ಕೇಳಿ ತೀರ್ಪು ಹೇಳುವ ಸಾಮಾನ್ಯ ಜನರ ಗುಂಪಿನಲ್ಲಿ, ಕೂತ ಆರು ದಿನ. ಪ್ರಾಸಿಕ್ಯೂಷನ್ ಪರ ವಕೀಲೆ ಒಬ್ಬ ಹುಡುಗಿ, ಮೂವತ್ತು ದಾಟಿರಲಿಕ್ಕಿಲ್ಲ. ಅವಳ ಮುಖ್ಯ ಸಾಕ್ಷಿ ಒಬ್ಬ ಮುದುಕರು. ಅವಳೇ ಎದ್ದು ಕೇಳಿದಳು: "ಆ ದಿನ ನೀವು ಕನ್ನಡಕ ಹಾಕಿರಲಿಲ್ಲ, ಅಲ್ವಾ?" ಅವರು ಹೌದು ಅಂದರು. ಎದುರಿನ ವಕೀಲರು ಪಾಟೀ ಸವಾಲಿನಲ್ಲಿ ಹೇಗೂ ಎಳೆಯುತ್ತಿದ್ದರು ಅನ್ನಬಹುದು. ಇರಲಿ. ಆದರೆ ಅವಳು ಅದನ್ನು ಸರಸರ ದಾಟಿಸಲಿಲ್ಲ. ಪೆನ್ ಕೆಳಗಿಟ್ಟು, ನಮ್ಮ ಕಡೆ ತಿರುಗಿ, ನಾವೆಲ್ಲ ಬರೆದುಕೊಳ್ಳುವವರೆಗೆ ಕಾದಳು. ಕೊನೆಗೆ ನಾವು ಆರೋಪಿಯನ್ನು ಬಿಟ್ಟೆವು. ಹೊರಗೆ ಕಾರಿಡಾರಿನಲ್ಲಿ ಸಿಕ್ಕಾಗ ಅವಳು ಕೇಳಿದ್ದು ಒಂದೇ: "ಯಾವ ಜಾಗದಲ್ಲಿ ನಿಮಗೆ ಅನುಮಾನ ಬಂತು?" ಮುಖದಲ್ಲಿ ಸಿಟ್ಟಿರಲಿಲ್ಲ.

ನಾನು ಅನುಭವ ಅನ್ನುವುದು ಇದನ್ನು. ಗೆದ್ದ ಕೇಸ್‌ಗಳ ಲೆಕ್ಕ ನನಗೆ ಬೇಡ. ತನ್ನ ಕೈಯಲ್ಲಿರುವ ಕೇಸಿನ ಬಿರುಕನ್ನು ತಾನೇ ನೋಡಿ, ಅದನ್ನು ಮುಚ್ಚಿಡದವರು ಬೇಕು. ಆರೋಪಿಗೆ ಅನುಕೂಲವಾಗುವ ಮುಖ್ಯ ಸಾಕ್ಷ್ಯವನ್ನು ಬಚ್ಚಿಡಬಾರದು ಅಂತ ಇಲ್ಲಿನ ಸುಪ್ರೀಂ ಕೋರ್ಟ್ 1963ರಲ್ಲೇ ಹೇಳಿದೆ. ಆದರೆ ಫೈಲ್ ತೆರೆದು ನೋಡುವವರು ಮನುಷ್ಯರೇ ಅಲ್ವಾ?

ಇದೇ ಕೌಂಟಿಗೆ 1925ರಿಂದ 1939ರವರೆಗೆ ಡಿ.ಎ. ಆಗಿದ್ದವರು ಅರ್ಲ್ ವಾರನ್. ಮುಂದೆ ದೇಶದ ಮುಖ್ಯ ನ್ಯಾಯಮೂರ್ತಿಯಾದರು. ಹಿಡಿದವನನ್ನು ವಿಚಾರಿಸುವ ಮೊದಲು ಸುಮ್ಮನಿರುವ ಹಕ್ಕಿದೆ ಅಂತ ಪೊಲೀಸರು ಅವನಿಗೆ ಹೇಳಲೇಬೇಕು ಅನ್ನುವ 1966ರ ಮಿರಾಂಡಾ ತೀರ್ಪು ಬರೆದವರು ಅವರೇ. ಅದೇ ಮನುಷ್ಯ, ಜಪಾನಿನ ಜೊತೆ ಯುದ್ಧ ನಡೆಯುತ್ತಿದ್ದ 1942ರಲ್ಲಿ, ರಾಜ್ಯದ ಅಟಾರ್ನಿ ಜನರಲ್ ಆಗಿದ್ದಾಗ, ಜಪಾನಿ ಮೂಲದವರನ್ನು ಮನೆ ಬಿಡಿಸಿ ಸಾಗಿಸಬೇಕು ಅಂತ ಒತ್ತಾಯಿಸಿದ್ದರು. ಆಮೇಲೆ ಪಶ್ಚಾತ್ತಾಪಪಟ್ಟರು. ಅಷ್ಟು ವರ್ಷದ ಅನುಭವ ಇದ್ದವರೂ ಜನರೆಲ್ಲ ಹೆದರಿದ್ದ ಹೊತ್ತಿನಲ್ಲಿ ಎಡವಿದರು. ಇದನ್ನು ನೆನೆದರೆ ನನಗೆ ಭಯವಾಗುತ್ತದೆ.

ಮಧ್ಯಾಹ್ನ ಊಟ ಆದಮೇಲೆ ಇಬ್ಬರ ಬಗ್ಗೆಯೂ ಇನ್ನೊಮ್ಮೆ ಓದಿದೆ. ಒಂದು ಹೆಸರಿನ ಪಕ್ಕದ ವೃತ್ತವನ್ನು ಶಾಯಿಯಿಂದ ತುಂಬಿದೆ. ಯಾರಿಗೆ ಅಂತ ಮನೆಯವರಿಗೂ ಹೇಳಲಿಲ್ಲ. ಲಕೋಟೆಯ ಮೇಲೆ ಸಹಿ ಹಾಕಿ, ಬ್ಯಾಲೆಟ್ ಹಾಕುವ ಡ್ರಾಪ್ ಬಾಕ್ಸ್‌ಗೆ ಹೋಗುವಷ್ಟರಲ್ಲಿ ಐದೂವರೆ, ಆಗಲೇ ಕತ್ತಲು.

ವಾಪಸ್ ಬರುವಾಗ ಅಪ್ಪನ ವಾಯ್ಸ್ ಮೆಸೇಜ್. ಅಲ್ಲಿ ಬೆಳಗಾಗಿತ್ತು. "ಆ ಕನ್ನಡಕದ ವಿಷ್ಯ ತಾನೇ ಕೇಳಿದ್ಲು ಅಂತಿದ್ಯಲ್ಲ ಯಾವಾಗ್ಲೋ, ಆ ಹುಡುಗಿ ಈಗ್ಲೂ ಅಲ್ಲೇ ಇದ್ದಾಳಾ?"

ವಿಚಾರಿಸಿಲ್ಲ ಅಪ್ಪ. ಇದ್ದರೆ ಜನವರಿಯಿಂದ ಅವಳು ಕೆಲಸ ಮಾಡುವುದು ಈ ಇಬ್ಬರಲ್ಲಿ ಒಬ್ಬರ ಕೈಕೆಳಗೆ.