ಗುಂಡಿ ತೋಡುವ ಮುಂಚೆ ಇಳಿಜಾರು ಅಳೆಯಿರಿ

ತುಮಕೂರು ಕಡೆಯಿಂದ ಗುಲ್ಮಾರ್ಗ್‌ಗೆ ಹೋಗುವ ಸ್ಕೀ ತಂಡಗಳಿಗೆ ತರಬೇತಿ ಕೊಡುವ ಕೆಲಸದಲ್ಲಿ ಪದೇ ಪದೇ ಎದುರಾಗುವ ಪ್ರಶ್ನೆ: ಹಿಮದಲ್ಲಿ ಗುಂಡಿ ತೋಡಿ ಪರೀಕ್ಷೆ ಮಾಡಿದರೆ ಹಿಮಕುಸಿತದ ಭಯವಿಲ್ಲದೆ ಇಳಿಯಬಹುದೋ ಬೇಡವೋ ಗೊತ್ತಾಗುತ್ತದಲ್ಲ? ಬೇಡ ಅನ್ನುವುದು ಗೊತ್ತಾಗುತ್ತದೆ. ಇಳಿಯಬಹುದು ಅನ್ನುವುದು ಆ ಒಂದು ಗುಂಡಿಯಿಂದ ಗೊತ್ತಾಗುವುದಿಲ್ಲ.

ಅದಕ್ಕೇ ಮೊದಲ ಪಾಠ ಕೋನದ್ದು. ಅದಕ್ಕೆ ಹಿಮ ಬೇಕಿಲ್ಲ. ದೇವರಾಯನದುರ್ಗದ ಬಂಡೆಯೋ ಮಧುಗಿರಿ ಬೆಟ್ಟದ ಬುಡವೋ ಸಾಕು. ಕೋಲನ್ನು ಇಳಿಜಾರಿನ ಮೇಲೆ ಮಲಗಿಸಿ, ಅದರ ಮೇಲೆ ಕೋನಮಾಪಕ ಇಟ್ಟು ಓದಬೇಕು. ಮೊದಲು ಕಣ್ಣಳತೆಯಲ್ಲಿ ಅಂದಾಜು ಹೇಳಿಸಿ ಆಮೇಲೆ ಅಳೆಸಿದರೆ ಕಣ್ಣು ಎಷ್ಟು ಮೋಸ ಮಾಡುತ್ತದೆಂದು ಅವರಿಗೇ ತಿಳಿಯುತ್ತದೆ. ಹಲಗೆಯಂತೆ ಒಟ್ಟಿಗೆ ಜಾರುವ ಹಿಮಕುಸಿತಗಳು ಬಹುಪಾಲು 30ರಿಂದ 45 ಡಿಗ್ರಿಯಲ್ಲಿ ಹುಟ್ಟುತ್ತವೆ, 38ರ ಆಸುಪಾಸಿನಲ್ಲಿ ಅತಿ ಹೆಚ್ಚು. ಸ್ಕೀ ಮಾಡುವವರು ಆಸೆಪಡುವ ಇಳಿಜಾರೂ ಅದೇ. 30ಕ್ಕಿಂತ ಕಡಿಮೆ ಇದ್ದು, ತಲೆಯ ಮೇಲೆ ಕಡಿದಾದ ಇಳಿಜಾರು ಇಲ್ಲದಿದ್ದರೆ, ಹಿಮದ ಪದರಗಳ ಬಗ್ಗೆ ಲೆಕ್ಕ ತಪ್ಪಿದರೂ ಬದುಕುವ ಅವಕಾಶ ಇರುತ್ತದೆ. 'ತಲೆಯ ಮೇಲೆ' ಅನ್ನುವುದನ್ನು ಮರೆಯಬೇಡಿ: ಕೆಳಗೆ ಸಮತಟ್ಟಿನಲ್ಲಿ ನಡೆದರೂ ಬಿರುಕು ಓಡಿಹೋಗಿ ಮೇಲಿನದನ್ನು ಬೀಳಿಸಬಲ್ಲದು.

ಪದರ ಕೆಡುವುದು ಚಳಿಗಾಲದ ಶುರುವಿನಲ್ಲೇ. ನೆಲ ಸುಮಾರು ಸೊನ್ನೆ ಡಿಗ್ರಿಯಲ್ಲಿರುತ್ತದೆ. ಮೋಡವಿಲ್ಲದ ರಾತ್ರಿಗಳಲ್ಲಿ ಹಿಮದ ಮೇಲ್ಮೈ ಬಹಳ ತಣ್ಣಗಾಗುತ್ತದೆ. ಹಿಮ ತೆಳುವಾಗಿದ್ದಷ್ಟೂ ಈ ವ್ಯತ್ಯಾಸ ತೀವ್ರ. 10 ಸೆಂ.ಮೀ. ದಪ್ಪಕ್ಕೆ 1 ಡಿಗ್ರಿ ಮೀರಿದರೆ ಹರಳುಗಳ ನಡುವಿನ ಬೆಸುಗೆ ಸಡಿಲಗೊಂಡು ಅವು ಮೂಲೆಮೂಲೆಯಾಗಿ ಬೆಳೆಯುತ್ತವೆ. ಅಂಥ ಹಿಮ ಮುಷ್ಟಿಯಲ್ಲಿ ಉಂಡೆ ಕಟ್ಟದೆ ಬನ್ಸಿ ರವೆಯಂತೆ ಬೆರಳ ಸಂದಿಯಿಂದ ಸುರಿಯುತ್ತದೆ. ಆಮೇಲೆ ಪಶ್ಚಿಮದ ಮಾರುತಗಳು ತರುವ ದಪ್ಪ ಹಿಮ ಇದರ ಮೇಲೆ ಕೂತರೆ, ಗಟ್ಟಿ ಹಲಗೆ, ಅಡಿಯಲ್ಲಿ ಪುಡಿ.

ಪರೀಕ್ಷೆಗೆ ಗುಂಡಿಯ ಗೋಡೆಯಲ್ಲಿ, ಇಳಿಜಾರಿಗೆ ಅಡ್ಡಲಾಗಿ 90 ಸೆಂ.ಮೀ. ಅಗಲ, ಮೇಲ್ಮುಖವಾಗಿ 30 ಸೆಂ.ಮೀ. ಇರುವ ಕಂಬ ಕೊರೆಯಬೇಕು. ಹಿಂಭಾಗವನ್ನೂ ಗಂಟು ಹಾಕಿದ ಹಗ್ಗದಿಂದ ಪೂರ್ತಿ ಕತ್ತರಿಸಿ ಬಿಡಿಸಬೇಕು. ಇಲ್ಲಿ ಸೋಮಾರಿತನ ಮಾಡಿದರೆ ಕಂಬ ಸುಳ್ಳು ಗಟ್ಟಿತನ ತೋರಿಸುತ್ತದೆ. ಒಂದು ತುದಿಯಲ್ಲಿ ಸಲಿಕೆ ಇಟ್ಟು ಮಣಿಕಟ್ಟಿನಿಂದ 10, ಮೊಣಕೈಯಿಂದ 10, ಭುಜದಿಂದ 10 ಏಟು. ಬಿರುಕು ಹುಟ್ಟಿದ ಏಟಿಗೋ ಅದರ ಮುಂದಿನ ಏಟಿಗೋ ಇನ್ನೊಂದು ತುದಿಯವರೆಗೆ ಓಡಿದರೆ ಅಲ್ಲಿಗೆ ಮಾತು ಮುಗಿಯಿತು, ಆ ಇಳಿಜಾರು ಬೇಡ. ಓಡದಿದ್ದರೆ? ನೀವು ನೋಡಿದ್ದು ಒಂದು ಚಾಪೆಯಷ್ಟೂ ಇಲ್ಲದ ಜಾಗ. ಇಪ್ಪತ್ತು ಮೀಟರ್ ಆಚೆ ಗಾಳಿ ಹಿಮವನ್ನು ಬೇರೆ ರೀತಿ ಪೇರಿಸಿರುತ್ತದೆ. ದುರ್ಬಲ ಪದರ ಒಂದು ಮೀಟರ್‌ಗಿಂತ ಆಳದಲ್ಲಿದ್ದರೆ ಸಲಿಕೆಯ ಏಟು ಅಲ್ಲಿಗೆ ಸರಿಯಾಗಿ ಮುಟ್ಟುವುದೇ ಇಲ್ಲ.

ಗುಂಡಿಗಿಂತ ನಂಬಬೇಕಾದ ಗುರುತುಗಳು ಬೇರೆ ಇವೆ. ಅದೇ ದಿಕ್ಕಿಗೆ ಮುಖ ಮಾಡಿದ ಇಳಿಜಾರಿನಲ್ಲಿ ಹೊಸ ಕುಸಿತ, ಕಾಲಡಿಯಲ್ಲಿ 'ಧಬ್' ಎಂದು ಹಿಮ ಕುಗ್ಗುವ ಸದ್ದು, ಸ್ಕೀ ತುದಿಯಿಂದ ಸಿಡಿಯುವ ಬಿರುಕು. ಇವುಗಳಲ್ಲಿ ಒಂದು ಕಂಡರೂ ಸಲಿಕೆ ತೆಗೆಯುವ ಅಗತ್ಯವಿಲ್ಲ, ವಾಪಸ್. 24 ಗಂಟೆಯಲ್ಲಿ 30 ಸೆಂ.ಮೀ. ಹೊಸ ಹಿಮ ಬಿದ್ದಿದ್ದರೆ, ಅಥವಾ ಹಿಂದಿನ ದಿನ ಗಾಳಿ ಜೋರಾಗಿ ಬೀಸಿದ್ದರೆ, ಅಂದು ಕಡಿದಾದ ಇಳಿಜಾರು ಬಿಟ್ಟುಬಿಡಬೇಕು. ಡಿಜಿಆರ್‌ಇ (ರಕ್ಷಣಾ ಇಲಾಖೆಯ ಹಿಮಕುಸಿತ ಅಧ್ಯಯನ ಸಂಸ್ಥೆ) ಹೊರಡಿಸುವ ಎಚ್ಚರಿಕೆಯನ್ನು ಬೆಳಿಗ್ಗೆ ಓದಲೇಬೇಕು, ಆದರೆ ಅದು ವಿಶಾಲ ಪ್ರದೇಶಕ್ಕೆ ಕೊಟ್ಟದ್ದು, ನಿಮ್ಮೆದುರಿನ ಗುಡ್ಡಕ್ಕಲ್ಲ. 2023ರ ಫೆಬ್ರವರಿಯಲ್ಲಿ ಗುಲ್ಮಾರ್ಗ್ ಮೇಲಿನ ಬೆಟ್ಟವಾದ ಅಫರ್ವತ್‌ನಲ್ಲಿ ಇಬ್ಬರು ಪೋಲೆಂಡ್ ಸ್ಕೀಯರ್‌ಗಳು ಹಿಮಕುಸಿತಕ್ಕೆ ಬಲಿಯಾದರು. ಗೊಂಡೋಲಾ (ಕೇಬಲ್ ಕಾರು) ತಲುಪುವ ಬೆಟ್ಟವೂ ಹಿಮಾಲಯವೇ.

ಹಿಮದಡಿ ಹೂತವರ ಹುಡುಕಾಟದ ಅಭ್ಯಾಸಕ್ಕೆ ಒಣಗಿದ ಕೆರೆ ಅಂಗಳಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ. ಚೀಲದಲ್ಲಿ ಬೀಕನ್ (ಹೂತವರ ಜಾಗ ತೋರಿಸುವ ರೇಡಿಯೋ ಸಾಧನ) ಇಟ್ಟು ಹೂತು, ಗಡಿಯಾರ ಹಿಡಿದು ಹುಡುಕಿಸಿ. ಹೂತುಹೋದವರು ಉಳಿಯುವ ಸಾಧ್ಯತೆ ಮೊದಲ ಹತ್ತು ಹದಿನೈದು ನಿಮಿಷ ದಾಟಿದ ಮೇಲೆ ಕಡಿದಾಗಿ ಇಳಿಯುತ್ತದೆ. ಹುಡುಕುವಾಗ ಮೊಬೈಲನ್ನು ಬೀಕನ್‌ನಿಂದ ಕನಿಷ್ಠ 50 ಸೆಂ.ಮೀ. ದೂರ ಇಡಿ, ಇಲ್ಲದಿದ್ದರೆ ಬಾಣದ ಗುರುತು ಅಡ್ಡಾದಿಡ್ಡಿ ತಿರುಗುತ್ತದೆ. ಪ್ರೋಬ್ (ಹಿಮದೊಳಗೆ ತಡಕಿ ನೋಡುವ ಉದ್ದ ಕೋಲು) ಚುಚ್ಚುವುದು 25 ಸೆಂ.ಮೀ. ಅಂತರದಲ್ಲಿ, ಇಳಿಜಾರಿಗೆ ಲಂಬವಾಗಿ, ಸುರುಳಿಯಾಗಿ. ತಗುಲಿದ ಮೇಲೆ ಪ್ರೋಬ್ ಕೀಳದೆ ಅಲ್ಲೇ ಬಿಟ್ಟು, ಕೆಳಗಿನ ಬದಿಯಿಂದ ಅಗೆಯಿರಿ. ಕುಸಿದು ನಿಂತ ಹಿಮ ಗಟ್ಟಿಯಾಗಿ ಕಚ್ಚಿಕೊಳ್ಳುವುದರಿಂದ ಸಲಿಕೆಯ ಅಲಗು ಲೋಹದ್ದೇ ಇರಲಿ, ಪ್ಲಾಸ್ಟಿಕ್ ಅಲಗು ಮುರಿಯುತ್ತದೆ.